ತಾಳವಾಡಿಯಿಂದ ಬಂದ ಸೊಸೆ ಚುನಾವಣೆಗೆ ನಿಂತದ್ದು

ಚಾಮರಾಜನಗರದ ಕಡೆಯ ಪುಣಜನೂರಿಗೆ ಸೊಸೆಯಾಗಿ ಬಂದಾಗಿನಿಂದ ಶಿವರಂಜಿನಿಗೆ ಒಂದು ಕುತೂಹಲ. ಅವಳ ತವರು ತಾಳವಾಡಿ, ಗಡಿಯಾಚೆಯ ತಮಿಳುನಾಡಿಗೆ ಸೇರಿದ್ದು. ಗಡಿ ದಾಟಿದರೆ ಬಸ್ಸು ಬೇರೆ, ಪೊಲೀಸರು ಬೇರೆ, ರೇಷನ್ ಕಾರ್ಡೂ ಬೇರೆ. ಕೆಂಪು ಅಂಚೆ ಡಬ್ಬ ಮಾತ್ರ ಎರಡೂ ಕಡೆ ಒಂದೇ.

"ಅದ್ಯಾಕೆ ಅತ್ತೆ ಹಂಗೆ?" ಎಂದು ಕೇಳಿದರೆ ಪುಟ್ಟಮಲ್ಲಮ್ಮ, "ಮೊದ್ಲು ಹಿಟ್ಟು ತಿರುವು ಬಾ ಅಮ್ಮಿ" ಎನ್ನುತ್ತಿದ್ದಳು.

೨೦೦೫ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅವರ ಕಡೆಯ ಒಂದು ಸೀಟು ಮಹಿಳೆಯರಿಗೆ ಮೀಸಲು. ಮಹಿಳಾ ಸಂಘದವರು ಶಿವರಂಜಿನಿಯೇ ನಿಲ್ಲಲಿ ಎಂದರು. ಹಿಂದಿನ ಬೀದಿಯ ಮರಿಮಲ್ಲಪ್ಪ ತನ್ನ ಹೆಂಡತಿಯನ್ನು ನಿಲ್ಲಿಸಿದ್ದ. ಅವನು ಟೀ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ, "ತಮಿಳ್ನಾಡಿನೋಳು ಇಲ್ಲಿ ಎಂಗ್ಲಾ ಮೆಂಬರಾದಾಳು? ತಕರಾರು ಆಕ್ತೀನಿ" ಎಂದ.

ಪುಟ್ಟಮಲ್ಲಮ್ಮನಿಗೆ ಭಯವಾಯಿತು. "ಬ್ಯಾಡ ಕಣಮ್ಮಿ, ಬುಟ್ಬುಡು. ಜನದ ಮುಂದೆ ಮಾನ ಓಯ್ತದೆ."

ಶಿವರಂಜಿನಿಗೆ ಭಯಕ್ಕಿಂತ ನೋವೇ ಹೆಚ್ಚಾಯಿತು. ಇದೇ ಊರಿನಲ್ಲಿ ಮಗು ಹೆತ್ತಿದ್ದಾಳೆ, ಇದೇ ಮಣ್ಣಿನಲ್ಲಿ ಅರಿಸಿನ ಬೆಳೆದಿದ್ದಾಳೆ. ಆದರೂ ಹೊರಗಿನವಳೇ? ಅತ್ತೆಯನ್ನೂ ಕರೆದುಕೊಂಡು ಸಂಘದ ಅಧ್ಯಕ್ಷೆ ಸುಧಾಮಣಿಯ ಮನೆಗೆ ಹೋದಳು.

"ಅಕ್ಕ, ನಾನು ಯಾವ ರಾಜ್ಯದೋಳು?"

"ನೀನು ಭಾರತದೋಳು ಕಣಮ್ಮಿ. ರಾಜ್ಯಕ್ಕೊಂದು ಪೌರತ್ವ ಅಂತ ನಮ್ಮಲ್ಲಿಲ್ಲ. ಓಟರ್ ಲಿಸ್ಟಲ್ಲಿ ಅಲ್ಲಿ ಹೆಸರು ತೆಗೆಸಿ ಇಲ್ಲಿ ಸೇರಿಸಿದ್ದೀಯಲ್ಲ?"

"ಮದುವೆಯಾದ ವರ್ಷವೇ ಸೇರಿಸಿದೆ."

"ಮತ್ಯಾಕೆ ಎದ್ರಿಕೆ?"

ಪುಟ್ಟಮಲ್ಲಮ್ಮ ಬಿಡಲಿಲ್ಲ. "ದೇಸ ಒಂದೇ ಅಂದ್ಮೇಲೆ ಇಷ್ಟೊಂದು ಸರ್ಕಾರ ಯಾಕವ್ವ?"

"ಕೆಲಸ ಹಂಚ್ಕೊಂಡವ್ರೆ ದೊಡ್ಡವ್ವ. ಅಂಚೆ, ರೈಲು, ನೋಟು, ಮಿಲಿಟರಿ ಡೆಲ್ಲಿದು. ಅದಕ್ಕೇ ದೇಶಕ್ಕೆಲ್ಲ ಒಂದೇ ಥರ. ಪೊಲೀಸು, ಜಮೀನು, ಆಸ್ಪತ್ರೆ ಆಯಾ ರಾಜ್ಯದ್ದು. ಬೀದಿ ದೀಪ, ನಲ್ಲಿ, ಚರಂಡಿ ಪಂಚಾಯ್ತಿದು. ಯಾರ ಕೆಲಸ ಯಾವುದು ಅನ್ನೋದಕ್ಕೆಲ್ಲ ಸಂವಿಧಾನವೇ ಬುಡ."

ಅಂಚೆ ಡಬ್ಬದ ಗುಟ್ಟು ತಿಳಿದು ಶಿವರಂಜಿನಿ ನಕ್ಕಳು. ಅತ್ತೆಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಮರಿಮಲ್ಲಪ್ಪ ಆಫೀಸರ್ ಕಿವಿ ಊದ್ಬುಟ್ರೆ?"

"ಆಫೀಸರ್ ಮನಸ್ಸಿಗೆ ಬಂದಂಗೆ ಮಾಡಕ್ಕಾಗಲ್ಲ. ಕಾನೂನು ಮಾಡೋರು ಪಾರ್ಲಿಮೆಂಟು, ವಿಧಾನಸಭೆಯೋರು. ಅದರಂತೆ ನಡೆಸೋರು ಮಂತ್ರಿ, ಅಧಿಕಾರಿಗಳು. ಅವರು ತಪ್ಪಿದ್ರೆ ಕೇಳಕ್ಕೆ ಕೋರ್ಟದೆ."

"ಮಂತ್ರೀನೂ ಕೇಳ್ತದಾ?"

"ಮಂತ್ರೀನೂ ಕೇಳ್ತದೆ."

ಮುದುಕಿ ಬೆರಗಾಗಿ ಮೂಗಿನ ಮೇಲೆ ಬೆರಳಿಟ್ಟಳು.

ನಾಮಪತ್ರ ಪರಿಶೀಲನೆಯ ದಿನ ಮರಿಮಲ್ಲಪ್ಪ ಎದ್ದು ನಿಂತು ತಕರಾರು ಹೇಳಿದ. ಚುನಾವಣಾಧಿಕಾರಿ ಮತದಾರರ ಪಟ್ಟಿ ನೋಡಿದರು. "ಇವರು ಈ ಊರಿನ ಮತದಾರರು. ವಯಸ್ಸೂ ಸರಿಯಿದೆ. ಹುಟ್ಟಿದ್ದು ತಮಿಳುನಾಡಿನಲ್ಲಿ ಅನ್ನೋದು ಅಡ್ಡಿಯಲ್ಲ" ಎಂದು ನಾಮಪತ್ರ ಒಪ್ಪಿಕೊಂಡರು.

ಮಾರನೆಯ ದಿನ ಮನೆಮನೆಗೆ ಮೊದಲು ಹೊರಟವಳು ಪುಟ್ಟಮಲ್ಲಮ್ಮ. "ನನ್ ಸೊಸೆ ಇಂಡಿಯಾದೋಳು ಕಣ್ರವ್ವಾ, ಓಟಾಕಿ!"

ಶಿವರಂಜಿನಿ ಗೆದ್ದಳು. ಸ್ವಲ್ಪ ದಿನಕ್ಕೆ ಮರಿಮಲ್ಲಪ್ಪನೇ ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲು ಅವನಿಗೆ ಸಂಕೋಚ.

"ನಮ್ ಬೀದಿ ಚರಂಡಿ ಕಟ್ಕಂಡದೆ ಕಣಮ್ಮಿ. ಮನೆ ಫೋನೂ ಸತ್ತೋಗದೆ."

"ಚರಂಡಿ ನಮ್ಮ ಕೆಲಸ ಮಾವ, ನಾನೇ ನಿಂತು ಮಾಡಿಸ್ತೀನಿ. ಫೋನು ಡೆಲ್ಲಿಯೋರದು. ಚಾಮರಾಜನಗರದ ಟೆಲಿಫೋನ್ ಆಫೀಸಿಗೆ ಅರ್ಜಿ ಕೊಡನ, ಬರ್ಕೊಡ್ತೀನಿ. ಕೂತ್ಕೊಳಿ, ಕಾಪಿ ಕುಡ್ಕೊಂಡೋಗಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಯ ಕಷ್ಟ ಯಾವ ಸರ್ಕಾರದ ಪಾಲಿಗೆ ಬರುತ್ತದೆ? ಕೇಳಿ ತಿಳಿದುಕೊಳ್ಳಿ, ಅಲ್ಲಿಗೇ ಅರ್ಜಿ ಕೊಡಿ. ಮದುವೆಯಾಗಿಯೋ ಕೆಲಸಕ್ಕೋ ಬೇರೆ ಊರಿಗೆ ಬಂದಿದ್ದರೆ ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸಿ. "ನೀನು ಎಲ್ಲಿಯವಳು" ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ಈ ದೇಶ ನಿಮ್ಮದು.