ಎರಡು ಒಲೆಯ ಅವಿಭಕ್ತ ಕುಟುಂಬ

ಎರಡು ಸಾವಿರದ ಐದನೆಯ ಇಸವಿ, ಶಿವರಾತ್ರಿ ಕಳೆದು ಐದನೆಯ ದಿನ. ಹುಣಸೆ ಬಡಿಯುವ ಕಾಲ. ಬಿಸಿಲು ಇನ್ನೂ ಜಗಲಿ ಹತ್ತಿರಲಿಲ್ಲ, ಗುಂಡ್ಲುಪೇಟೆಯ ಎಂಟು ಗಂಟೆ ಬಸ್ಸು ಬಂದು ನಿಂತಿತು. ಉಮ್ಮತ್ತೂರಿನಲ್ಲಿರುವ ನಮ್ಮಕ್ಕನ ಮೊಮ್ಮಗಳು ಕುಮಾರಿ ಇಳಿದಳು. ಒಂದು ಹೆಗಲಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಕಾಗದದ ಚೀಲ. ಕಾಗದದ್ದೇ ಹೆಚ್ಚು ಭಾರ.

ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ, ಮೈಸೂರಿಗೆ ಹೋಗಿ ಎಂ.ಎ. ಓದುತ್ತಿದ್ದಳು. ಯಾವುದರಲ್ಲಿ ಎಂದು ನನ್ನ ಹೆಂಡತಿ ಪುಟ್ಟಮಾದಮ್ಮ ಕೇಳಿದಳು. ಸಮಾಜಶಾಸ್ತ್ರ ಎಂದಳು.

“ಅದ್ರಲ್ಲಿ ಏನ್ ಹೇಳ್ಕೊಡ್ತರಮ್ಮಿ?”

“ಜನ ಹೆಂಗ್ ಬದುಕ್ತರ ಅಂತ ಅಜ್ಜಿ. ಯಾರ ಮನೇಲಿ ಯಾರವ್ರ, ಯಾರ ಮಾತ ಯಾರು ಕೇಳ್ತರ, ಎಲ್ಲನೂವೆ.”

“ಅದ್ಕ ಮೈಸೂರ್ ಗಂಟ ಓಗ್ಬೇಕಾಗಿತ್ತಾ? ನಲ್ಲಿ ತಾವ ಕೊಡ ಇಟ್ಕಂಡು ಒಂದ್ ಗಂಟೆ ನಿಂತಿದ್ರ ಎಲ್ಲಾ ಗೊತ್ತಾಗದು.”

ಕುಮಾರಿ ನಕ್ಕಳು, ಆದರೆ ನಗೆ ಬೇಗ ಮುಗಿಯಿತು. ಒಂದು ಊರಿನ ಎಲ್ಲ ಮನೆಗಳಿಗೂ ಹೋಗಿ, ಕೇಳಿ, ಬರೆದು, ಒಂದು ಪ್ರಬಂಧ ಕೊಡಬೇಕಂತೆ. ಏಪ್ರಿಲ್ ಮೂವತ್ತರೊಳಗೆ ಅದಕ್ಕೆ ಗೈಡ್ ಮೇಡಂ ಸಹಿ ಬಿದ್ದರೆ ಪರೀಕ್ಷೆಗೆ ಕೂರಬಹುದು. ಬೀಳದಿದ್ದರೆ ಒಂದು ವರ್ಷ ಹೋಯಿತು. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ಎರಡೂ ಈ ವರ್ಷಕ್ಕೇ ಕೊನೆ. ಆಮೇಲೆ ಓದುವುದೆಂದರೆ ಉಮ್ಮತ್ತೂರಿನಲ್ಲಿ ಅವ್ವನ ಜೊತೆ ಕೂಲಿಗೆ ಹೋಗುತ್ತಾ ಓದುವುದು, ಅಂದರೆ ಓದದೆ ಇರುವುದು.

“ನಮ್ಮೂರೇ ಯಾಕವ್ವ?” ಎಂದು ನಾನು ಕೇಳಿದೆ.

“ನಿಮ್ಮನೆಗೋಸ್ಕರವೇ ತಾತ. ಅಣ್ತಮ್ಮಂದ್ರು ಇನ್ನೂ ಒಟ್ಗಿರೋ ಮನೆ ಅಂತ ಊರೂರೇ ಹೇಳ್ತದಲ್ಲ. ಮೊದಲ್ನೇ ಫಾರಂ ನಿಮ್ದೇ.”

ನನ್ನ ತಮ್ಮ ಮೂಗಯ್ಯ ಎಲೆಅಡಿಕೆ ಹಾಕುತ್ತಿದ್ದವನು ನನ್ನ ಮುಖ ನೋಡಿದ. ನಾನು ಬೇಲಿ ನೋಡಿದೆ.

ಸಂಗತಿ ಏನೆಂದರೆ, ನಮ್ಮ ಮನೆಯಲ್ಲಿ ಎರಡು ಒಲೆ ಇದ್ದವು. ಎಂಟು ವರ್ಷದ ಹಿಂದೆ ಮೂಗಯ್ಯನ ಹೆಂಡತಿ ಮರಿತಾಯಮ್ಮ ಊಟಕ್ಕೆ ಕೂತವಳು ಮುದ್ದೆಯಲ್ಲಿ ಗಂಟಿದೆ ಅಂದಳು. ಪುಟ್ಟಮಾದಮ್ಮ ನಿನ್ನ ನಾಲಿಗೆಯಲ್ಲಿ ಗಂಟಿದೆ ಅಂದಳು. ಮಾರನೆಯ ದಿನದಿಂದ ಮರಿತಾಯಮ್ಮ ಹಿತ್ತಲ ಬಚ್ಚಲಿನ ನೀರೊಲೆಯಲ್ಲೇ ಅಡುಗೆಗಿಟ್ಟಳು. ಯಾರಾದರೂ ಕೇಳಿದರೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದೇವೆ ಅನ್ನುತ್ತಿದ್ದೆವು. ದಿನಕ್ಕೆ ಮೂರು ಸಲ ಸ್ನಾನ ಮಾಡುವ ಮಡಿವಂತರು ಎಂದು ಊರಿನಲ್ಲಿ ನಮಗೆ ಒಳ್ಳೆಯ ಹೆಸರೇ ಇತ್ತು.

ಮುಚ್ಚಿಟ್ಟದ್ದಕ್ಕೂ ಕಾರಣವಿತ್ತು. ಊರಿನಲ್ಲಿ ಯಾರ ಮನೆ ಭಾಗವಾದರೂ ಪಂಚಾಯ್ತಿಗೆ ನನ್ನನ್ನೇ ಕರೆಯುತ್ತಿದ್ದರು. ಮುರಿದ ಮನೆ ಹಂಚಲು ಮುರಿಯದ ಮನೆಯವನು ಬೇಕಲ್ಲ. ನಾನು ಹೋಗಿ, ಕಂಬಕ್ಕೊರಗಿ, ಸುಮ್ಮನೆ ಕೂತಿದ್ದು, ಕೊನೆಯಲ್ಲಿ ಎರಡು ಮಾತು ಬುದ್ಧಿ ಹೇಳಿ, ಕಾಫಿ ಕುಡಿದು ಬರುತ್ತಿದ್ದೆ. ಆ ಕಾಫಿಯ ರುಚಿಯೇ ಬೇರೆ.

ಕುಮಾರಿ ಫಾರಂ ತೆಗೆದು ಶಾಲೆಯ ಪಾಠ ಓದುವ ಹಾಗೆ ಓದಿದಳು: “ತಮ್ಮದು ಅವಿಭಕ್ತ ಕುಟುಂಬವೋ, ವಿಭಕ್ತ ಕುಟುಂಬವೋ?”

“ಯಾವ್ದು ದೊಡ್ಡದು?” ಎಂದ ಮೂಗಯ್ಯ.

“ಅವಿಭಕ್ತ ದೊಡ್ಡದು ಚಿಕ್ತಾತ.”

“ಹಂಗಾರ ಅದ್ನೇ ಬರ್ಕೊ. ಚಿಕ್ಕದ್ಯಾಕ?”

ಅವಳು ಗುರುತು ಹಾಕಿಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಮನೆಮನೆಗೆ ದಾರಿ ತೋರಿಸಲು ಅವಳ ಜೊತೆ ನಾನೇ ಹೋದೆ. ನಮ್ಮ ಕಡೆ ಹೆಂಡತಿಯ ಹೆಸರು ಹೇಳಲು ನಾಚುವ ಗಂಡಸು ‘ನಮ್ ಕುಟುಂಬ’ ಅನ್ನುತ್ತಾನೆ. ಕುಟುಂಬ ತವರಿಗೆ ಹೋಗವ್ಳೆ, ಕುಟುಂಬಕ್ಕೆ ಜ್ವರ, ಹೀಗೆ. ಕುಮಾರಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಎರಡು ವರ್ಷ ಮೈಸೂರಿನಲ್ಲಿ ಪುಸ್ತಕದ ಕನ್ನಡ ಓದಿ ಓದಿ, ಊರಿನ ಕನ್ನಡವನ್ನು ಎಲ್ಲೋ ಇಟ್ಟು ಮರೆತಿದ್ದಳು.

ಮಾದಣ್ಣನ ಮನೆಯಲ್ಲಿ ಪ್ರಶ್ನೆ ಕೇಳುತ್ತಲೇ ಅವನು ಮೀಸೆ ತಿರುವಿದ.

“ನಮ್ ಕುಟುಂಬನಾ? ಬಲೇ ಭಕ್ತೆ ಕಣವ್ವ! ಸ್ವಾಮಾರ ಒಪ್ಪತ್ತು, ಅಮಾಸೆಗೆ ಮಾದಪ್ಪನ ಬೆಟ್ಟ. ನಂಗೆ ಒಂದ್ ತುತ್ತು ಇಕ್ಕದ ಮರೆತ್ರೂ ದೇವ್ರಿಗೆ ದೀಪ ಮರೆಯಕಿಲ್ಲ.”

“ಅಲ್ಲ ಮಾವ, ಅವಿಭಕ್ತವೋ ವಿಭಕ್ತವೋ?”

“ಯಾವ್ದು ಜಾಸ್ತಿ ಭಕ್ತಿಯೋ ಅದು.”

“ದೊಡ್ಡದು ಅವಿಭಕ್ತ.”

“ಬರ್ಕೊ, ಬರ್ಕೊ.”

ಅವಸರದಲ್ಲಿದ್ದ ಕುಮಾರಿ ಬರೆದುಕೊಂಡಳು. ಅವಳ ಕಣ್ಣು ಮುಂದಿನ ಪ್ರಶ್ನೆಯ ಮೇಲಿತ್ತು. ಒಟ್ಟು ಪ್ರಶ್ನೆ ನಲವತ್ತೊಂದು, ಮನೆ ಅರವತ್ತೆರಡು. ಮುಂದಿನ ಮನೆಯವನು ತನ್ನ ಕುಟುಂಬ ಗೋಪಾಲಸ್ವಾಮಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವಳು, ಮಾದಣ್ಣನ ಕುಟುಂಬಕ್ಕಿಂತ ಒಂದು ಗೆರೆ ಮೇಲೆಯೇ ಹಾಕು ಅಂದ. ಮೂರನೆಯ ಮನೆಯ ಹೊತ್ತಿಗೆ ನನಗೆ ಎಲ್ಲ ತಿಳಿಯಿತು. ಹೇಳಬೇಕಾಗಿತ್ತು. ಹೇಳಲು ಹೊರಟರೆ ಅವಿಭಕ್ತ ಅಂದರೆ ಏನೆಂದು ಬಿಡಿಸಬೇಕು, ಬಿಡಿಸಿದರೆ ನಮ್ಮ ಮನೆಯ ಗುರುತಿಗೇ ಬರುತ್ತದೆ. ಹೀಗಾಗಿ ಹುಣಸೆ ಮರ ನೋಡುತ್ತಾ ನಡೆದೆ.

ಹತ್ತು ದಿನದಲ್ಲಿ ಫಾರಂ ಮುಗಿದವು. ಅಷ್ಟು ದಿನವೂ ಅವಳು ಉಂಡದ್ದು ಪುಟ್ಟಮಾದಮ್ಮನ ಒಲೆಯದ್ದೇ, ಹಿತ್ತಲ ಹೊಗೆಯನ್ನು ಸ್ನಾನದ ನೀರಿನದೆಂದೇ ನಂಬಿದ್ದಳು. ಕುಮಾರಿ ಕುಣಿಯುತ್ತಾ ಮೈಸೂರಿಗೆ ಹೋದಳು. ಯುಗಾದಿ ಕಳೆದ ಮೇಲೆ ಒಂದು ಶುಕ್ರವಾರ ತಿರುಗಿ ಬಂದಾಗ ಮುಖ ಬಾಡಿತ್ತು.

“ಮೇಡಂ ಒಪ್ತಾಯಿಲ್ಲ ತಾತ. ಅರವತ್ತೆರಡರಲ್ಲಿ ಐವತ್ತೇಳು ಅವಿಭಕ್ತ ಅಂದ್ರೆ ನಂಬೋದ್ ಹೆಂಗೆ ಅಂತರೆ. ಚಿಕ್ಕಣ್ಣ ಮಾವನ ಫಾರಂ ಎತ್ತಿ ತೋರುಸ್ಬುಟ್ರು.”

ಚಿಕ್ಕಣ್ಣ ಮದುವೆಯಾಗದವನು. ಮನೆಯಲ್ಲಿ ಅವನೊಬ್ಬನೇ. ಕುಟುಂಬ ಇಲ್ಲದಿದ್ದರೂ ಭಕ್ತಿಗೇನು ಕಮ್ಮಿ ಎಂದು ಅವನೂ ದೊಡ್ಡದನ್ನೇ ಬರೆಸಿದ್ದ.

“ಭಾನುವಾರ ಮೇಡಮ್ಮೇ ಬತ್ತರೆ. ಒಂದ್ ಮನೆ ಕಣ್ಣಾರೆ ನೋಡ್ತರಂತೆ. ಅದು ಸರಿಯಿದ್ರೆ ಸಹಿ. ನಾನು ನಿಮ್ಮನೆ ಹೇಳ್ಬುಟ್ಟಿವ್ನಿ ತಾತ. ನಿಮ್ದೊಂದೇ ನಂಗೆ ಗಟ್ಟಿ.”

ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಹೇಳಿದ್ದು ಒಂದೇ: “ಬರ್ಲಿ ಬುಡವ್ವ.”

ಶನಿವಾರ ಕುಮಾರಿ ಊರೊಳಗೆ ಹೋಗಿದ್ದಾಗ ನಾವು ನಾಲ್ವರೂ ಎಂಟು ವರ್ಷದ ಮೇಲೆ ಒಂದೇ ಚಾಪೆಯಲ್ಲಿ ಕೂತೆವು. ಒಂದು ದಿನ, ಒಂದೇ ಒಂದು ದಿನ, ಒಂದು ಒಲೆ ಎಂದು ನಾನು ಕೇಳಿಕೊಂಡೆ.

“ಮಗೀಗೋಸ್ಕರ ಇಸ ಬೇಕಾದ್ರೂ ಕುಡಿತೀನಿ,” ಎಂದಳು ಮರಿತಾಯಮ್ಮ. “ಇವರ ಸಾರ್ ಉಣ್ಣಕಿಲ್ವಾ?”

“ಇಸ ಮಾಡಕ್ಕೂ ಕೈ ಹದ ಬೇಕು,” ಎಂದಳು ಪುಟ್ಟಮಾದಮ್ಮ. “ನಿನ್ನಂಗ ಉಪ್ಪು ಸುರುದ್ರೆ ಅದೂ ಕೆಡ್ತದ.”

“ಒಪ್ಕಂಡ್ರು ಕಣಣ್ಣ,” ಎಂದ ಮೂಗಯ್ಯ. ಇದಕ್ಕಿಂತ ಒಳ್ಳೆಯ ಒಪ್ಪಿಗೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ನೀರೊಲೆಯ ಸುತ್ತಲಿನ ಸಾಂಬಾರ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಒಲೆಯ ಮೇಲೆ ಹಂಡೆ ಕೂರಿಸಿದೆವು. ಎಂಟು ವರ್ಷದ ಮೇಲೆ ಅದರಲ್ಲಿ ನೀರು ಕಾಯಿತು.

ಭಾನುವಾರ ಹತ್ತೂವರೆಗೆ ಮೇಡಂ ಬಂದರು. ಗಿಡ್ಡನೆಯ ಹೆಂಗಸು, ದಪ್ಪ ಕನ್ನಡಕ, ಕಾಲಿಗೆ ಗಂಡಸರ ಹಾಗೆ ಶೂ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಉಪ್ಸಾರು ಮುದ್ದೆಯನ್ನು ನಮಗಿಂತ ಚೆನ್ನಾಗಿ ನುಂಗಿದರು. ಎರಡನೆಯ ಮುದ್ದೆ ಕೇಳಿದಾಗ ನನಗೆ ಧೈರ್ಯ ಬಂತು. ಮರಿತಾಯಮ್ಮ ಬಡಿಸುತ್ತಿದ್ದಳು, ಪುಟ್ಟಮಾದಮ್ಮ ಸಾರು ಬಿಡುತ್ತಿದ್ದಳು. ನೋಡಿದವರು ಅಕ್ಕತಂಗಿ ಅನ್ನಬೇಕು, ಹಾಗೆ. ಕುಮಾರಿ ಗೋಡೆಗೊರಗಿ ನಿಂತು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು.

ಮೇಡಂ ಆಸ್ತಿ ಕೇಳಲಿಲ್ಲ, ಯಜಮಾನ ಯಾರು ಎಂದು ಕೇಳಲಿಲ್ಲ. ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, ಮಳೆಬೆಳೆ ವಿಚಾರಿಸುವ ಹಾಗೆ ಕೇಳಿದರು:

“ಬೆಳಿಗ್ಗೆ ಎದ್ದು ಮೊದಲು ಒಲೆ ಹಚ್ಚೋದು ಯಾರಮ್ಮ?”

“ನಾನು,” ಎಂದಳು ಪುಟ್ಟಮಾದಮ್ಮ.

“ನಾನು,” ಎಂದಳು ಮರಿತಾಯಮ್ಮ.

ಎರಡೂ ಒಂದೇ ಉಸಿರಿನಲ್ಲಿ ಬಂದವು. ಇಬ್ಬರೂ ಸುಳ್ಳು ಹೇಳಲಿಲ್ಲ, ಅದೇ ಕೆಟ್ಟದ್ದು.

“ಒಂದಿನ ಅವರು, ಒಂದಿನ ಇವರು ಮೇಡಂ,” ಎಂದು ಮೂಗಯ್ಯ ನಡುವೆ ಬಿದ್ದ.

“ಇವತ್ತು ಯಾರು?”

“ನಾನು,” ಎಂದರು ಇಬ್ಬರೂ. ಪುಟ್ಟಮಾದಮ್ಮ ಅಡುಗೆಗೆ ಹಚ್ಚಿದ್ದಳು, ಮರಿತಾಯಮ್ಮ ಹಂಡೆಗೆ.

ಮೇಡಂ ಮೂಗಯ್ಯನ ಕಡೆ ತಿರುಗಿದರು. “ಯಜಮಾನರೇ, ಅವಿಭಕ್ತ ಅಂದ್ರೆ ಏನು ಹೇಳಿ?”

“ಭಕ್ತೀಲಿ ದೊಡ್ಡದು ಮೇಡಂ. ವಿಭಕ್ತ ಚಿಕ್ಕದು.”

ಮೇಡಂ ನಕ್ಕ ನಗೆಗೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಕುಮಾರಿ ನಗಲಿಲ್ಲ. ಚೀಲದಿಂದ ಮೊದಲನೆಯ ಫಾರಂ ತೆಗೆದು, ನಮ್ಮ ಮನೆಯ ಗುರುತಿನ ಮೇಲೆ ಉದ್ದಕ್ಕೆ ಗೀಟೆಳೆದಳು. ಕಾಗದ ಹರಿಯಿತು.

“ಇನ್ನೂ ಹದಿಮೂರು ದಿನ ಇದೆ ಕಣಮ್ಮ,” ಎಂದರು ಮೇಡಂ. “ಅರವತ್ತೆರಡು ಮನೆಗೂ ಮತ್ತೆ ಹೋಗು. ನನ್ನ ಪುಸ್ತಕದ ಪದ ಬೇಡ, ನಿನ್ನ ಊರಿನ ಮಾತಲ್ಲಿ ಕೇಳು. ನಿಜ ತಂದ್ರೆ ಸಹಿ. ಎಷ್ಟೇ ಕಮ್ಮಿ ಬಂದ್ರೂ ಸಹಿ.”

ಅವರು ಹೋದ ಮೇಲೆ ಕುಮಾರಿ ನನ್ನ ಎದುರು ಬಂದು ನಿಂತಳು.

“ಊರೋರ್ಗೆ ತಿಳೀನಿಲ್ಲ, ಬುಡಿ. ನಿಮ್ಗ ತಿಳಿದಿತ್ತಲ್ಲ ತಾತ?”

“ತಿಳಿದಿತ್ತವ್ವ.”

“ನಾಳೆ ಯಾರ್ ಮನೆಗೋಗಿ ಏನಂತ ಕೇಳನ? ಎಷ್ಟ್ ಒಲೆ ಅಂದ್ರೆ ಒಬ್ರಾದ್ರೂ ನಿಜ ಹೇಳ್ತರಾ? ನೀವೇ ಹೇಳ್ನಿಲ್ಲ.”

ಆ ಸಂಜೆಯೆಲ್ಲ ಜಗಲಿಯಲ್ಲಿ ಕೂತಿದ್ದೆ. ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, “ನಡಿಯವ್ವ, ಓಗನ,” ಎಂದೆ.

ಮೊದಲು ಮಾದಣ್ಣನ ಮನೆ. ಕುಮಾರಿ ಕೇಳುವ ಮುಂಚೆಯೇ ನಾನು ಬಾಗಿಲಲ್ಲಿ ನಿಂತು ಹೇಳಿದೆ: “ಮಾದಣ್ಣ, ನಮ್ಮನೇಲಿ ಎರಡು ಒಲೆ ಕಣಪ್ಪ. ನಿಮ್ಮನೇಲಿ ಎಷ್ಟು?”

ಮಾದಣ್ಣ ಬೀಡಿ ಬಾಯಿಗಿಟ್ಟವನು ಕಡ್ಡಿ ಗೀರಲಿಲ್ಲ.

“ಎರಡಾ? ಯಾವಾಗಿಂದಣ್ಣ?”

“ಎಂಟು ವರ್ಸ.”

“ನನ್ ಭಾಗದ ಪಂಚಾಯ್ತಿ ಆಗಿ ಐದು ವರ್ಸ. ಒಲೆ ಒಡೆಯೋನು ಗಂಡ್ಸಾ ಅಂತ ನಾಲ್ಕ್ ಜನದ್ ಮುಂದ ನನ್ನ ಕೇಳ್ದೆಯಲ್ಲ, ಅವತ್ತು?”

“ಅವತ್ತೂ ಎರಡೇ.”

“ಥೂ ನಿನ್ನ!” ಎಂದವನು ಕಂಬ ಹಿಡಿದುಕೊಂಡು ನಗಲು ಶುರು ಮಾಡಿದ. ಒಳಗಿಂದ ಅವನ ಕುಟುಂಬವೂ ಬಂದು ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, “ನಮ್ದು ಮೂರು ಬರ್ಕೊಳಮ್ಮಿ. ನಂದೊಂದು, ತಮ್ಮಂದೊಂದು. ನಮ್ಮವ್ವ ಬ್ಯಾರೆ ಬೇಯಿಸ್ಕತಳ. ಸೊಸೆ ಕೈದು ಮುಟ್ಟಕಿಲ್ಲ,” ಎಂದ.

ಆಮೇಲೆ ಕಷ್ಟವಾಗಲಿಲ್ಲ. ನನ್ನ ಮಾನ ಹೋದ ಸುದ್ದಿ ನಮಗಿಂತ ಎರಡು ಮನೆ ಮುಂದೆಯೇ ಓಡುತ್ತಿತ್ತು. ಹೋದಲ್ಲೆಲ್ಲ ಜನ ಬಾಗಿಲಲ್ಲೇ ಕಾದಿದ್ದು, ಮೊದಲು ನನ್ನ ಬಾಯಿಂದ ‘ಎರಡು’ ಎಂದು ಹೇಳಿಸಿ, ಕೇಳಿ ಸಂತೋಷಪಟ್ಟು, ತಮ್ಮದನ್ನು ಹೇಳುತ್ತಿದ್ದರು. ಕೆಲವರು ಎರಡು ಸಲ ಹೇಳಿಸಿದರು. ಚಿಕ್ಕಣ್ಣ ಮಾತ್ರ ತನ್ನಲ್ಲಿ ಒಲೆಯೇ ಇಲ್ಲ, ಗುಂಡ್ಲುಪೇಟೆಯ ಹೋಟ್ಲು ಎಂದ. ಅದಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ. ಕುಮಾರಿ ಅಂಚಿನಲ್ಲಿ ಬರೆದುಕೊಂಡಳು. ಮೂರನೆಯ ದಿನದಿಂದ ಅವಳು ನನ್ನ ಜೊತೆ ಮತ್ತೆ ಮಾತಾಡಲು ಶುರು ಮಾಡಿದಳು. ಆರನೆಯ ದಿನ, ನಾನು ‘ಎರಡು’ ಅನ್ನುವಾಗ ಗಂಟಲು ಸರಿಮಾಡಿಕೊಳ್ಳುವ ರೀತಿಯನ್ನು ಅಣಕಿಸಿ ತೋರಿಸಿದಳು. ಮರಿತಾಯಮ್ಮ ಬಿದ್ದು ಬಿದ್ದು ನಕ್ಕಳು.

ಅರವತ್ತೆರಡು ಮನೆಗಳಲ್ಲಿ ಒಂದೇ ಒಲೆಯ ಅಣ್ಣತಮ್ಮಂದಿರ ಮನೆ ಸಿಕ್ಕಿದ್ದು ನಾಲ್ಕು. ಅದರಲ್ಲೊಂದರಲ್ಲಿ ಇಬ್ಬರು ಸೊಸೆಯರೂ ಹೆರಿಗೆಗೆ ತವರಿಗೆ ಹೋಗಿದ್ದರು. ಅದನ್ನು ಸೇರಿಸುವುದೋ ಬಿಡುವುದೋ ಎಂದು ಕುಮಾರಿ ಒಂದು ಮಧ್ಯಾಹ್ನವೆಲ್ಲ ಯೋಚಿಸಿದಳು.

ಆಮೇಲೆ ಯಾರೂ ನನ್ನನ್ನು ಭಾಗದ ಪಂಚಾಯ್ತಿಗೆ ಕರೆದಿಲ್ಲ. ಊರಿನಲ್ಲಿ ಭಾಗಗಳೇನೂ ನಿಂತಿಲ್ಲ. ನಾನಿಲ್ಲದೆಯೂ ಅಷ್ಟೇ ಕೆಟ್ಟದಾಗಿ ನಡೆಯುತ್ತಿವೆ.

ಮೇಡಂ ಸಹಿ ಹಾಕಿದ್ದು ಇಪ್ಪತ್ತೊಂಬತ್ತಕ್ಕೆ, ಗಡುವಿಗೆ ಒಂದು ದಿನ ಇರುವಾಗ. ಕುಮಾರಿ ಪರೀಕ್ಷೆಗೆ ಕೂತಳು, ಪಾಸೂ ಆದಳು. ನಮ್ಮ ಮನೆಯಿಂದ ಅವಳು ಹೊರಟದ್ದು ಸಹಿಯ ಹಿಂದಿನ ದಿನ, ಏಪ್ರಿಲ್ ಇಪ್ಪತ್ತೆಂಟು, ಗುರುವಾರ, ಬೆಳಗಿನ ಆರೂವರೆ ಬಸ್ಸಿಗೆ, ಎರಡು ಒಲೆಯ ಎರಡು ಬುತ್ತಿ ಕಟ್ಟಿಸಿಕೊಂಡು.