ಅಪ್ಪ ಹಿಡಿದ ಉಸಿರು

ನನ್ನಪ್ಪ ನಲವತ್ತು ವರ್ಷ ಈಜು ಕಲಿಸಿದವರು. ಅವರ ಹೃದಯ ಆಗಾಗ ತಾಳ ತಪ್ಪತೊಡಗಿದಾಗ, ತಂತಿಯ ಮೂಲಕ ಒಳಗಿನಿಂದಲೇ ಶಾಕ್ ಕೊಟ್ಟು ಅದನ್ನು ದಾರಿಗೆ ತರುವ ಪುಟ್ಟ ಯಂತ್ರವೊಂದನ್ನು ಎದೆಯ ಚರ್ಮದಡಿ ಇಡಬೇಕೆಂದರು ಡಾಕ್ಟರು. ಅಪ್ಪ ಒಪ್ಪಿದರು, ಆದರೆ ಷರತ್ತು ಹಾಕಿ.

"ಒಂದೇ ಕಡೆ ಕುಯ್ಯಿಸ್ಕೋತೀನಿ. ಎರಡನೇ ಕಡೆ ಅಂದ್ರೆ ಯಂತ್ರಾನೂ ಬೇಡ, ನೀವೂ ಬೇಡ."

ಆ ಶಾಕ್ ಮೈಯೊಳಗೆ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಸ್ಕ್ಯಾನ್ ನೋಡಿ, ಎಲುಬು, ಶ್ವಾಸಕೋಶ, ಹೃದಯ ಎಲ್ಲ ಇರುವ ಎದೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇನೆ. ಡಾಕ್ಟರು ಅಪ್ಪನ ಸ್ಕ್ಯಾನನ್ನೂ ನನಗೇ ಕಳಿಸಿದರು. ಯಂತ್ರದ ಶಾಕ್ ಸಾಲದು, ಬೆನ್ನ ಕಡೆ ಇನ್ನೊಂದು ತಂತಿ ಬೇಕು ಎಂದಿತು ಮಾದರಿ. ಅಂದರೆ ಅಲ್ಲೂ ಕುಯ್ಯಬೇಕು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೂರು ದಿನ ಮಾದರಿಯ ಜೊತೆ ಜಗಳವಾಡಿದೆ. ತಂತಿಯನ್ನು ಅತ್ತಿತ್ತ ಸರಿಸಿದೆ, ಯಂತ್ರವನ್ನು ಕಂಕುಳ ಹತ್ತಿರ ಒಯ್ದೆ; ಮಾದರಿ ಎಳ್ಳಷ್ಟೂ ಜಗ್ಗಲಿಲ್ಲ. ನಾಲ್ಕನೆಯ ದಿನ ಶ್ವಾಸಕೋಶದ ಮೇಲೆ ಕಣ್ಣು ಬಿತ್ತು. ಎಪ್ಪತ್ತೊಂದರ ಮುದುಕರಿಗೆ ಇಷ್ಟೊಂದು ಗಾಳಿಯೇ? ಗಾಳಿ ತುಂಬಿದ ಎದೆಯಲ್ಲಿ ಕರೆಂಟು ಹರಿಯಲು ಒದ್ದಾಡುತ್ತದೆ. ಮನೆಗೆ ಫೋನ್ ಮಾಡಿದೆ.

"ಅಪ್ಪಾ, ಸ್ಕ್ಯಾನ್ ಮಾಡುವಾಗ ಉಸಿರು ಹಿಡೀರಿ ಅಂದ್ರಾ?"

"ಅಂದ್ರು. ಸ್ಕ್ಯಾನ್ ಮಾಡೋ ಆ ಹುಡುಗಿ ಮುಂದೆ ನನ್ನ ಮರ್ಯಾದೆ ಉಳಿಬೇಡ್ವಾ? ಚೆನ್ನಾಗಿ ಎಳ್ಕೊಂಡು ಹಿಡಿದೆ ನೋಡು. ಅವಳು ಸಾಕು ಅಂದ್ಮೇಲೂ ಬಿಡ್ಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ದಿನ ನಾನು ಲೆಕ್ಕ ಹಾಕಿದ್ದು ಅಪ್ಪನ ಜಂಬವನ್ನು. ಮೊದಲೇ ಕೇಳದಿದ್ದದ್ದು ನನ್ನ ತಪ್ಪು.

ಮತ್ತೆ ಸ್ಕ್ಯಾನ್ ಆಯಿತು. ಈ ಸಲ ಅಪ್ಪನನ್ನು ನಾನೇ ಕರೆದೊಯ್ದು ಗಾಜಿನಾಚೆ ನಿಂತೆ. "ಉಸಿರು ಪೂರ್ತಿ ಬಿಟ್ಟು ಹಾಗೇ ಇರಿ" ಎಂದಳು ಅದೇ ಹುಡುಗಿ, ಮೈಕಿನಲ್ಲಿ. ಅಪ್ಪನ ಎದೆ ಇಳಿಯಲೊಲ್ಲದು. ಇನ್ನೊಮ್ಮೆ ಹೇಳಿದಳು. ಇಲ್ಲ. ಬೈಯೋಣವೆಂದು ಗಾಜಿನತ್ತ ಬಗ್ಗಿದ ನಾನು ಅವರ ಕೈ ನೋಡಿದೆ. ಮುಷ್ಟಿ ಬಿಗಿದಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಐದು ವರ್ಷದವಳಾಗಿದ್ದಾಗ ನೀರಿನಲ್ಲಿ ಕೆನ್ನೆ ಉಬ್ಬಿಸಿ ಕೊರಡಿನಂತೆ ಬಿಗಿದುಕೊಂಡಿದ್ದ ನನ್ನ ಬೆನ್ನಡಿ ಕೈಯಿಟ್ಟು ಅವರು ದಿನವೂ ಒಂದು ಮಾತು ಹೇಳುತ್ತಿದ್ದರು. ಹುಡುಗಿಯ ಕೈಯಿಂದ ಮೈಕ್ ತೆಗೆದುಕೊಂಡು ಅದನ್ನೇ ಹೇಳಿದೆ.

"ಉಸಿರು ಬಿಡಪ್ಪಾ. ನಾನು ಹಿಡ್ಕೊಂಡಿದ್ದೀನಿ."

ಎದೆ ಮೆಲ್ಲಗೆ ಇಳಿಯಿತು.

ಹೊಸ ಮಾದರಿಗೆ ಬೆನ್ನಿನ ತಂತಿ ಬೇಕಾಗಲಿಲ್ಲ. ಸುದ್ದಿ ಹೇಳಲು ಹೋದರೆ ಅಪ್ಪ ನನ್ನ ಮೇಲೇ ಮುನಿಸಿಕೊಂಡಿದ್ದರು.

"ಅಷ್ಟು ಹೊತ್ತು ಯಾಕೆ ಸುಮ್ನಿದ್ದೆ? ನಿನ್ನ ದನಿಗೇ ಕಾಯ್ತಿದ್ದೆ ನಾನು."