ಅತ್ತೆಗಾಗಿ ಎರಡನೇ ಡಿಶ್

ಪಂಪಾಪತಿ ಯಲಬುರ್ಗಾದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಏನು ಕೆಟ್ಟರೂ ತಾನೇ ಬಿಚ್ಚಬೇಕು ಎನ್ನುವ ಸ್ವಭಾವ. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಿರುಗಿ ಜೋಡಿಸುವಾಗ ಮಾತ್ರ ಕಷ್ಟವಾಗುತ್ತಿತ್ತು. ಒಮ್ಮೆ ಹೀಗೆ ಬಿಚ್ಚಿದ ರೇಡಿಯೋವನ್ನು ಚೀಲದಲ್ಲಿ ತುಂಬಿಕೊಂಡು ಬಜಾರಿನ ಜಿಲಾನಸಾಬನ ರಿಪೇರಿ ಅಂಗಡಿಗೆ ಹೋಗಿದ್ದ. ಇಬ್ಬರೂ ಒಂದೇ ಸಾಲೆಯಲ್ಲಿ ಓದಿದವರು. ಜಿಲಾನಸಾಬ ಚೀಲದೊಳಗೆ ಇಣುಕಿ, ನಾಲ್ಕು ಜನರ ಎದುರಿಗೆ, "ಪಂಪಣ್ಣ, ಇದು ರಿಪೇರಿಗೋ, ತೂಕಕ್ಕೋ?" ಎಂದು ಕೇಳಿಬಿಟ್ಟ. ಅಂದಿನಿಂದ ಒಂಬತ್ತು ವರ್ಷ ಪಂಪಾಪತಿ ಆ ಅಂಗಡಿಯ ಕಟ್ಟೆ ಹತ್ತಿರಲಿಲ್ಲ.

2008ರ ದೀಪಾವಳಿ ಮುಗಿದ ವಾರಕ್ಕೆ ಅವನ ಅತ್ತೆ ಮುದುಕಮ್ಮ ಸಾಣಾಪುರದಿಂದ ಬಂದಳು. ಗಂಗಾವತಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಎರಡು ತಿಂಗಳು ಗದ್ದೆಯ ಕಡೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳು ಶಿವಲೀಲಾ ಹಟ ಹಿಡಿದು ಕರೆತಂದಿದ್ದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಮುದುಕಮ್ಮ ಸೀರೆ ಮಡಿಚಿ ಚೀಲಕ್ಕೆ ಹಾಕತೊಡಗಿದಳು.

"ಯಾಕವ್ವ, ಇಲ್ಲಿ ಏನು ಕಡಿಮಿ ಆಗೇತಿ?" ಎಂದಳು ಶಿವಲೀಲಾ.

"ಕಡಿಮಿ ಏನೂ ಇಲ್ಲವಾ. ಆದ್ರ ಅಲ್ಲಿ ಆ ಹುಡುಗಿ ಲಗ್ನ ಆತೋ ಇಲ್ಲೋ, ನನಗ ತಿಳೀಬೇಕಲ್ಲ."

ಆ ಹುಡುಗಿ ತೆಲುಗು ಧಾರಾವಾಹಿಯವಳು. ಮುದುಕಮ್ಮ ಮೂವತ್ತು ವರ್ಷ ಕಾಲುವೆ ಕೆಳಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಅವರ ಗದ್ದೆಗೆ ನಾಟಿ ಮಾಡಲು ಹೋದವಳು. ತೆಲುಗು ಅವಳಿಗೆ ಕೆಸರಿನೊಂದಿಗೇ ಅಂಟಿತ್ತು. ಸಾಣಾಪುರದಲ್ಲಿ ದಿನಾ ಸಂಜೆ ಪಕ್ಕದ ಮನೆಯ ಟಿವಿ ಮುಂದೆ ಕುಳಿತುಕೊಳ್ಳುತ್ತಿದ್ದಳು. ಅಳಿಯನ ಮನೆಯ ಮಾಳಿಗೆ ಮೇಲಿದ್ದ ಸಣ್ಣ ಡಿಶ್ಶಿಗೆ ಕನ್ನಡ, ಹಿಂದಿ ಬರುತ್ತಿದ್ದವು. ಅವಳ ಚಾನೆಲ್ ಇದ್ದದ್ದು ಬೇರೆ ಉಪಗ್ರಹದಲ್ಲಿ.

ಹೆಂಡತಿಯ ಮುಖ ಸಣ್ಣದಾದದ್ದನ್ನು ಪಂಪಾಪತಿ ನೋಡಿದ. "ಅತ್ತಿ, ಚೀಲ ಇಡ್ರಿ. ಆ ಕಡಿ ಮುಖ ಮಾಡಿ ಇನ್ನೊಂದು ಡಿಶ್ ಕುಂದ್ರಿಸಿದ್ರ ಆತು. ಒಂದು ದಿನದ ಕೆಲಸ."

"ಒಂದ ದಿನಾ ಅಂದ್ರ ಇರತೀನಿ ಬಿಡ್ರಿ ಅಳಿಯಾರ," ಎಂದಳು ಮುದುಕಮ್ಮ.

ಕುಷ್ಟಗಿಯಲ್ಲಿ ಕೇಬಲ್ ವ್ಯವಹಾರ ಬಿಟ್ಟವರೊಬ್ಬರ ಮನೆಯಿಂದ ಅವನು ಆರು ಅಡಿಯ ಹಳೆಯ ಜಾಲರಿ ಡಿಶ್ ತಂದ. ಟಂಟಂ ಆಟೋ ಮೇಲೆ ಅಂಗಾತ ಕಟ್ಟಿಕೊಂಡು ಊರೊಳಗೆ ಬರುವಾಗ, ಯಾರ ಮನೆಯ ಲಗ್ನಕ್ಕೆ ಇಷ್ಟು ದೊಡ್ಡ ಬುಟ್ಟಿ ಎಂದು ಮೂವರು ಕೇಳಿದರು. ಅದನ್ನು ಮಾಳಿಗೆಗೆ ಏರಿಸಿ, ಉಪಗ್ರಹದ ಕಡೆ ತಿರುಗಿಸಿ ನಿಲ್ಲಿಸುವುದಕ್ಕೇ ಎರಡು ಭಾನುವಾರ ಹೋದವು. ಕೇಬಲ್ಲನ್ನು ನೇರವಾಗಿ ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಚುಚ್ಚಿದಾಗ ತೆಲುಗು ಬಂತು ನಿಜ. ಆದರೆ ಬಾಕ್ಸಿಗೆ ಇದ್ದದ್ದು ಒಂದೇ ತೂತು, ಡಿಶ್ಶುಗಳು ಎರಡು.

ಮೊದಲು ಅವನು ಕೇಬಲ್ ಟಿವಿಯವರು ಒಂದು ವೈರನ್ನು ಎರಡು ಮಾಡಲು ಬಳಸುವ ಸ್ಪ್ಲಿಟರ್ ತಂದು ತಿರುವುಮುರುವು ಹಚ್ಚಿದ. ಕನ್ನಡವೂ ಹೋಯಿತು, ತೆಲುಗೂ ಹೋಯಿತು. ಮುಂದಿನ ವಾರ ಕೊಪ್ಪಳಕ್ಕೆ ಹೋಗಿ, ಎರಡು ಡಿಶ್ಶಿಗೆ ಇದೇ ಬೇಕೆಂದು ಅಂಗಡಿಯವನು ಕೊಟ್ಟ ಟೋನ್ ಸ್ವಿಚ್ ತಂದ. ತೆಲುಗು ಬಂತು, ಸಣ್ಣ ಡಿಶ್ಶಿನ ಅರ್ಧ ಚಾನೆಲ್ಲುಗಳು ಮಾಯವಾದವು.

"ಅವ್ವಂದು ಬಂತು, ನಂದು ಎಲ್ಲಿಗೆ ಹೋತ್ರಿ?" ಎಂದು ಶಿವಲೀಲಾ ಕೇಳಿದಳು.

"ಬರತೈತಿ ತಡಿ," ಎಂದು ಅವನು ಮತ್ತೆ ಏಣಿ ಹತ್ತಿದ.

ಮುದುಕಮ್ಮ ಅಂಗಳದಿಂದಲೇ ಕೂಗಿ ಕೇಳಿದಳು: "ಅಳಿಯಾರ, ಒಂದು ದಿನಾ ಅಂದಿದ್ರಿ, ತಿಂಗಳಾತು. ನಿಮ್ಮ ಕಚೇರ್‍ಯಾಗ ದಿನಾ ಅಂದ್ರ ಇಷ್ಟ ಉದ್ದ ಇರತೈತೇನು?"

ಅಂದು ಅವನು ಊಟಕ್ಕೂ ತಡವಾಗಿ ಇಳಿದ, ಕೈಬೆರಳಿಗೆ ತಂತಿ ಚುಚ್ಚಿಸಿಕೊಂಡಿದ್ದ. ಮುದುಕಮ್ಮ ಅರಿಸಿನ ಹಚ್ಚುತ್ತಾ ಅವನ ಮುಖ ನೋಡಿದಳು. ಇಷ್ಟೆಲ್ಲ ತನ್ನ ಸಲುವಾಗಿ ಎಂಬುದು ಅವಳಿಗೆ ಗೊತ್ತಿತ್ತು. ಇನ್ನು ಚೇಷ್ಟೆ ಮಾಡುತ್ತ ಕೂತರೆ ಆಗದು ಎಂದುಕೊಂಡಳು.

ಮರುದಿನ ಅವನು ಕಚೇರಿಗೆ ಹೋದ ಮೇಲೆ, ಆ ರೇಡಿಯೋ ಕಥೆಯನ್ನು ಮಗಳಿಂದ ಕೇಳಿದ್ದ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಬಜಾರಿಗೆ ನಡೆದಳು. ಜಿಲಾನಸಾಬ ಸ್ಟೂಲ್ ಸರಿಸಿ ಕೂರಿಸಿದ. ಅವಳು ಎಲ್ಲವನ್ನೂ ಹೇಳಿ, ಕೊನೆಗೆ, "ಸಾಬ್ರ, ನೀವು ಬಂದು ರಿಪೇರಿ ಮಾಡಿದ್ರಿ ಅಂದ್ರ ನಮ್ಮ ಅಳಿಯಾರು ಒಂದು ತುತ್ತು ಉಣ್ಣಂಗಿಲ್ಲ. ರಿಪೇರಿ ಆಗಬೇಕು, ನೀವು ಮಾಡಿರಬಾರದು," ಎಂದಳು.

ಜಿಲಾನಸಾಬ ಗಡ್ಡ ಕೆರೆದುಕೊಂಡ. "ಅವನ ಕೈಲೇ ಮಾಡಸೂಣ ಬಿಡ್ರಿ ಅಮ್ಮಾರ."

ಅಂದು ಸಂಜೆ ಅವನು ಪಂಪಾಪತಿಯ ಬಾಗಿಲಿಗೆ ಬಂದು ನಿಂತ. ಪಂಪಾಪತಿಗೆ ಒಳಗೆ ಬಾ ಎನ್ನಬೇಕೋ ಬೇಡವೋ ತಿಳಿಯಲಿಲ್ಲ.

"ಪಂಪಣ್ಣ, ನನಗೊಂದು ಸಹಾಯ ಆಗಬೇಕಿತ್ತು," ಎಂದ ಜಿಲಾನಸಾಬ. "ಬೇವೂರಿನ ಗಿರಾಕಿ ಒಬ್ಬ ಎರಡು ಡಿಶ್ ಒಂದ ಬಾಕ್ಸಿಗೆ ಹಚ್ಚಿಕೊಡು ಅಂತ ಬೆನ್ನ ಹತ್ಯಾನ. ನನಗ ರೇಡಿಯೋ ಬಿಟ್ರ ತಿಳಿಯಂಗಿಲ್ಲ. ನೀ ಮನ್ಯಾಗ ಹಚ್ಚೀಯಂತ ಸುದ್ದಿ ಕೇಳಿದೆ."

ಪಂಪಾಪತಿಯ ಮುಖ ಅರಳಿತು. ಚಹಾ ಇಡಲು ಹೇಳಿ, ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಪಾಠ ಶುರು ಮಾಡಿದ. "ಇದು ಟೋನ್ ಸ್ವಿಚ್. ಬಾಕ್ಸಿನಿಂದ ವೈರಿನ್ಯಾಗ ಒಂದು ಸಣ್ಣ ಸಂಜ್ಞೆ ಹೋಗತೈತಿ, ಅದಕ್ಕ ಟೋನ್ ಅಂತಾರ. ಟೋನ್ ಇದ್ರ ಈ ಡಿಶ್ಶು, ಇಲ್ಲಂದ್ರ ಆ ಡಿಶ್ಶು."

"ಛಲೋ ಐತಿ," ಎಂದ ಜಿಲಾನಸಾಬ. "ಆದ್ರ ಸಣ್ಣ ಡಿಶ್ಶಿನ ಮುಂದ ಇರೂ ಮೂತಿಗೂ ಅರ್ಧ ಚಾನೆಲ್ ಹಿಡಿಯಾಕ ಅದ ಟೋನ್ ಬೇಕು ಅಂತ ಎಲ್ಲೋ ಓದಿದ್ದೆ. ಖರೆ ಏನು?"

ಪಂಪಾಪತಿ ಸ್ವಿಚ್ಚನ್ನು ತಿರುಗಿಸಿ ನೋಡಿದ. "ಹಂಗಾದ್ರ ಒಂದ ಹೆಸರಿನ ಇಬ್ಬರನ್ನ ಕರದಂಗ ಆತಲ್ಲ," ಎಂದ ನಿಧಾನಕ್ಕೆ. "ಮೂತಿಗೆ ಅಂತ ಕಳಿಸಿದ ಟೋನಿಗೆ ಸ್ವಿಚ್ಚು ಎದ್ದು ಹೊರಡತೈತಿ. ಅದಕ್ಕ ಈಕಿ ಕನ್ನಡ ಹೋಗೇತಿ."

"ನೀ ಹೇಳಿದ ಮ್ಯಾಲ ನನಗೂ ತಿಳೀತು ನೋಡು. ನಂಬರ್ ಹಿಡದು ಕರಿಯೂ ಸ್ವಿಚ್ ಬಂದೈತಂತಪ, ಡೈಸೆಕ್ ಅಂತಾರ. ಒಂದನೇದು ಬಾ, ಎರಡನೇದು ಬಾ ಅಂತ. ಗಿರಾಕಿಗೆ ಅಂತ ಒಂದು ತಂದೀನಿ. ಆದ್ರ ಬಾಕ್ಸಿಗೂ ಆ ಪದ್ಧತಿ ಬರಬೇಕು. ನಿಂದ್ರಾಗ ಐತೋ ಇಲ್ಲೋ."

ರಿಮೋಟು ಹಿಡಿದು ಇಬ್ಬರೂ ಟಿವಿಯ ಮುಂದೆ ಬಾಗಿದರು. ಸೆಟ್ಟಿಂಗಿನ ಎರಡನೇ ಪುಟದಲ್ಲಿ, ಪಂಪಾಪತಿ ಇಷ್ಟು ದಿನ ದಾಟಿಸಿಕೊಂಡು ಹೋಗುತ್ತಿದ್ದ ಸಾಲಿನಲ್ಲಿ, ಅದು ಇತ್ತು. ಅವನು ಸಣ್ಣ ಡಿಶ್ಶಿಗೆ ಒಂದು, ದೊಡ್ಡದಕ್ಕೆ ಎರಡು ಎಂದು ಒತ್ತಿ, ಹೊಸ ಸ್ವಿಚ್ ಹಿಡಿದು ಮಾಳಿಗೆ ಹತ್ತಿದ. ಜಿಲಾನಸಾಬ ಕೆಳಗೇ ಕುಳಿತು ಚಹಾ ಕುಡಿದ.

"ಬಂತೇನು?" ಮೇಲಿನಿಂದ ಕೂಗು.

"ಏನೂ ಇಲ್ಲ," ಎಂದಳು ಶಿವಲೀಲಾ.

ಜಿಲಾನಸಾಬ ಚಹಾದ ಬಸಿಯಿಂದ ತಲೆ ಎತ್ತಲಿಲ್ಲ. ಪಂಪಾಪತಿ ಇಳಿದು ಬಂದ, ಟಿವಿಯಲ್ಲಿ ಬರೆದದ್ದನ್ನು ಮತ್ತೊಮ್ಮೆ ಓದಿದ, ಮತ್ತೆ ಮೇಲೆ ಹೋಗಿ ಎರಡು ವೈರುಗಳನ್ನು ಅದಲುಬದಲು ಮಾಡಿದ. ಒಂದನೇ ತೂತಿಗೆ ಸೇರಬೇಕಾದದ್ದನ್ನು ಎರಡನೆಯದಕ್ಕೆ ಚುಚ್ಚಿದ್ದ. ಈಗ ಕನ್ನಡ ಬಂತು. ಶಿವಲೀಲಾ ಚಾನೆಲ್ ಬದಲಿಸಿದಳು, ತೆಲುಗೂ ಬಂತು. ಮುದುಕಮ್ಮ ಟಿವಿಯ ಹತ್ತಿರಕ್ಕೆ ಸರಿದು ಕುಳಿತಳು. ಹುಡುಗಿಯ ಲಗ್ನ ಇನ್ನೂ ಆಗಿರಲಿಲ್ಲ. ಏಣಿ ಇಳಿದ ಅಳಿಯನಿಗೆ, "ನಿಮ್ಮಂಗ ಅವರೂ ತಡಾ ಮಾಡ್ಯಾರ ನೋಡ್ರಿ. ನಾ ನೋಡೂದು ಏನೂ ತಪ್ಪಿಲ್ಲ," ಎಂದಳು.

ಎರಡು ದಿನ ಹಿಗ್ಗಿನಲ್ಲಿ ಪಂಪಾಪತಿಯ ಕಾಲು ನೆಲಕ್ಕೆ ತಾಗಲಿಲ್ಲ. ಮೂರನೆಯ ದಿನ ಕಚೇರಿಯಿಂದ ಬರುವಾಗ, ಒಂಬತ್ತು ವರ್ಷದ ಮೇಲೆ, ಜಿಲಾನಸಾಬನ ಅಂಗಡಿಯ ಕಟ್ಟೆ ಹತ್ತಿದ.

"ಬೇವೂರಿನವಂದು ಕೆಲಸ ಆತೇನು? ಬೇಕಾದ್ರ ನಾನ ಬರತೀನಿ."

"ಯಾವ ಬೇವೂರಿನವ?" ಎಂದ ಜಿಲಾನಸಾಬ. ಎಂದವನು ನಾಲಿಗೆ ಕಚ್ಚಿಕೊಂಡ.

ಪಂಪಾಪತಿ ಅವನ ಮುಖವನ್ನೇ ನೋಡಿದ. ಸಿಟ್ಟು ಬರಬೇಕಾಗಿತ್ತು. ಬಂದದ್ದು ಬಾಯಿ ತುಂಬ ನಗು. ಅದನ್ನು ತಡೆದುಕೊಂಡು ಸ್ಟೂಲ್ ಎಳೆದು ಕುಳಿತ.

"ನಮ್ಮತ್ತಿ ಬಂದಿದ್ದರೇನು?"

"ಬಂದಿದ್ದರು. ನಿನ್ನ ಭಾಳ ಹೊಗಳಿದ್ರು. ಅತ್ತಿ ಸಲುವಾಗಿ ಅಳಿಯಾ ಹೆಂಡತೀನ ಬಿಟ್ಟು ಮಾಳಿಗಿ ಮ್ಯಾಲ ಸಂಸಾರ ಹೂಡ್ಯಾನ ಅಂದ್ರು."

"ಆದ್ರ ವೈರು ಅದಲುಬದಲು ಮಾಡಿದ್ದು ನಾನ," ಎಂದ ಪಂಪಾಪತಿ.

"ಅದು ಖರೆ. ಅದನ್ನ ನಾ ಹೇಳಿಕೊಟ್ಟಿರಲಿಲ್ಲ," ಎಂದು ಜಿಲಾನಸಾಬ ಒಪ್ಪಿಕೊಂಡು, ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದ.

ಮುದುಕಮ್ಮ ಎರಡು ತಿಂಗಳಿಗೆಂದು ಬಂದವಳು ಯುಗಾದಿಯವರೆಗೂ ಇದ್ದಳು. ರಿಮೋಟು ಅವಳ ಸೊಂಟದಲ್ಲಿ, ಎಲೆಅಡಿಕೆ ಚಂಚಿಯ ಪಕ್ಕದಲ್ಲಿರುತ್ತಿತ್ತು. ಪಂಪಾಪತಿಗೆ ಸಂಜೆಯ ವಾರ್ತೆ ನೋಡಬೇಕೆನಿಸಿದರೆ ಜಿಲಾನಸಾಬನ ಅಂಗಡಿಗೆ ಹೋಗಿ, ರಿಪೇರಿಗೆ ಬಂದ ಯಾರದೋ ಟಿವಿಯಲ್ಲಿ ನೋಡಿ ಬರುತ್ತಿದ್ದ.